ಹಿಮ್ಮಡಿಯ ತುಂತುಣಿ

ಫಕೀರಮ್ಮ ಹಾಡು ಬಿಟ್ಟಳಂತೆ ಎಂಬ ಸುದ್ದಿ ಹುಲಿಹೈದರದಿಂದ ಯಲಬುರ್ಗಾ ಮುಟ್ಟಲು ಅರ್ಧ ದಿನವೂ ಹಿಡಿಯಲಿಲ್ಲ. ಯಲಬುರ್ಗಾದ ಕರಿಬಸಪ್ಪ ಅದನ್ನು ಕೇಳಿದವನೇ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿಗೆ ಹಾಕಿ, "ಹಂಗಾರ ನಾ ಇನ್ನ ಯಾರ ಸಂಗಾಟ ಜಗಳಾಡ್ಲಿ?" ಎಂದನಂತೆ. ಎದುರಿಗೇ ಕೂತಿದ್ದ ಹೆಂಡತಿಗೆ ಆ ಮಾತು ಎಲ್ಲಿ ಹತ್ತಿತೋ, ಅದು ಅವರ ಮನೆಯ ವಿಚಾರ, ನಮಗೆ ಬೇಡ. ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಇಬ್ಬರೂ ಹರೆಯದಿಂದ ಒಬ್ಬರ ಮೇಲೊಬ್ಬರು ಹಾಡಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡವರು.

ಗೀಗೀ ಪದ ಕೇಳದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಕಣದಲ್ಲಿ ಎರಡು ಮೇಳ. ಹರದೇಶಿ ಮೇಳದವರು ಗಂಡೇ ಹೆಚ್ಚು ಎಂದು ಹಾಡಬೇಕು, ನಾಗೇಶಿ ಮೇಳದವರು ಹೆಣ್ಣೇ ಹೆಚ್ಚು ಎಂದು ಹಾಡಬೇಕು. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು, ಹಿಂದೆ ನಿಂತವರು 'ಗೀಯ ಗೀಯ ಗಾ' ಎಂದು ಎಳೆಯಬೇಕು. ಕಣಕ್ಕಿಳಿದ ಮೇಲೆ ಮರ್ಯಾದೆ ಗಿರ್ಯಾದೆ ಏನೂ ಇಲ್ಲ, 'ಏ', 'ಲೇ' ಎಂದೇ ಮಾತು. ಕಣದಿಂದ ಇಳಿದರೆ "ಅಣ್ಣಾರ, ಚಾ ತಗೋರಿ" ಎನ್ನುವವಳು ಇದೇ ಫಕೀರಮ್ಮ, "ಬ್ಯಾಡ್ರೀ ಯವ್ವಾ, ಈಗರ ಕುಡದೆ" ಎನ್ನುವವನು ಇದೇ ಕರಿಬಸಪ್ಪ.

ಇನ್ನು ತುಂತುಣಿ. ಅದೊಂದು ಗುಂಡನೆಯ ಮರದ ಡಬ್ಬಿ, ಅಡಿಗೆ ಬಿಗಿದ ಆಡಿನ ಚರ್ಮ, ಪಕ್ಕಕ್ಕೆ ಒಂದು ಕೋಲು, ಚರ್ಮದಿಂದ ಕೋಲಿನ ತುದಿಗೆ ಒಂದೇ ಒಂದು ತಂತಿ. ನೋಡಿದರೆ ಯಾರೂ ಬೆಲೆ ಕೊಡಲಿಕ್ಕಿಲ್ಲ. ಆದರೆ ಮುಂದೆ ನಿಂತು ಅದನ್ನು ಮೀಟುತ್ತ ಹಾಡುವವರ ಉಸಿರೆಲ್ಲ ಅದರಲ್ಲೇ ಇರುತ್ತದೆ.

ಹೋದ ಮಳೆಗಾಲದಲ್ಲಿ ಫಕೀರಮ್ಮನಿಗೆ ಲಕ್ವಾ ಹೊಡೆಯಿತು. ಸೊಟ್ಟಗಾದ ಬಾಯಿ ಔಷಧಕ್ಕೆ ನೆಟ್ಟಗಾಯಿತು, ಕಂಠಕ್ಕೆ ಏನೂ ಆಗಿರಲಿಲ್ಲ, ಬಲಗೈ ಮಾತ್ರ ಏಳಲಿಲ್ಲ. ತುಂತುಣಿಯನ್ನು ಬೇರೆ ಯಾರಾದರೂ ಮೀಟಲಿ, ನೀನು ಹಾಡು ಎಂದು ಮೇಳದವರು ಗೋಗರೆದರು. ಒಮ್ಮೆ ಹಾಗೆ ಮಾಡಿಯೂ ನೋಡಿದರು. ಹಾಡು ಒಂದು ಕಡೆ, ತಂತಿ ಒಂದು ಕಡೆ ಹೋಗಿ, ಫಕೀರಮ್ಮ ಅರ್ಧಕ್ಕೇ ಎದ್ದುಬಿಟ್ಟಳು.

"ಸವಾಲ ಎಲ್ಲಿ ಕಡೀತೀನಿ, ಎಲ್ಲಿ ಹಿಡೀತೀನಿ ಅನ್ನೋದು ನನಗ ಗೊತ್ತಿರಂಗಿಲ್ಲ. ಪಕ್ಕದಾಗ ಕುಂತಾಕಿಗೆ ಹೆಂಗ ಗೊತ್ತಾಗಬೇಕವ್ವ? ನನ್ನ ಬಾಯಾಗ ಇನ್ನೊಬ್ರು ತುತ್ತು ಅಗದಂಗ ಆಗತೈತಿ," ಎಂದಳು. ಅವತ್ತಿನಿಂದ ಬಾಗಿಲಲ್ಲಿ ಕೂತು ಎಡಗೈಯಲ್ಲಿ ಅಕ್ಕಿ ಆರಿಸುವುದೊಂದೇ ಕೆಲಸವಾಯಿತು.

ಆಕೆಯ ತಂಗಿಯ ಮಗಳು ಸುಮಂಗಲಾ. ಮುನಿರಾಬಾದಿನಲ್ಲಿ, ಕಾಲುವೆಯ ನೀರು ಎಲ್ಲಿ ಎಷ್ಟು ಏರಿತು ಎಷ್ಟು ಇಳಿಯಿತು ಎಂದು ತಿಳಿಸುವ ಸೆನ್ಸರುಗಳನ್ನು ನೋಡಿಕೊಳ್ಳುವುದು ಅವಳ ನೌಕರಿ. ಸಾಲಿಯ ರಜೆಯನ್ನೆಲ್ಲ ದೊಡ್ಡವ್ವನ ಬೆನ್ನ ಹಿಂದೆ ನಿಂತು 'ಗೀಯ ಗಾ' ಎಳೆದು ಕಳೆದವಳು ಅವಳು. ಆ ಕಂಠ ಅಕ್ಕಿ ಆರಿಸುವಾಗ ತೆಪ್ಪಗೆ ಕೂರುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ದೊಡ್ಡವ್ವ ಮತ್ತೆ ಕಣಕ್ಕಿಳಿಯಬೇಕು. ಅಷ್ಟೇ, ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಒಂದು ದಿನ ಅವಳು ಬಂದಾಗ ಪಕ್ಕದ ಮನೆಯ ರೇಡಿಯೋದಲ್ಲಿ ಯಾವುದೋ ಪದ ಬರುತ್ತಿತ್ತು. ದೊಡ್ಡವ್ವನ ಮುಖದಲ್ಲಿ ಏನೂ ಇಲ್ಲ, ಕಣ್ಣು ಮೊರದ ಮೇಲೆಯೇ. ಆದರೆ ಸೀರೆಯ ಅಂಚಿನ ಕೆಳಗೆ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ಬರೀ ಬಡಿಯುವುದೇನು, ರೇಡಿಯೋದ ಹಾಡನ್ನು ಚುಡಾಯಿಸುತ್ತಿತ್ತು, ಅಲ್ಲಲ್ಲಿ ನಿಂತು ಮುಂದೆ ಹಾರಿ ಹೋಗುತ್ತಿತ್ತು. ಸುಮಂಗಲಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕೈ ಹೋದರೇನಾಯಿತು, ಲಯ ಹಿಮ್ಮಡಿಗೆ ಇಳಿದು ಕೂತಿದೆಯಲ್ಲ!

ಗಂಗಾವತಿಯಲ್ಲಿ ಇಲಿಯಾಸ ಎಂಬವನ ಮೈಕ್‌ಸೆಟ್ ಅಂಗಡಿ ಇದೆ. ಸುತ್ತಲಿನ ಮದುವೆ, ಮುಂಜಿ, ಭಾಷಣ, ಭಜನೆ ಎಲ್ಲಕ್ಕೂ ಅವನದೇ ದನಿ. ಸುಮಂಗಲಾ ರಜೆಯ ದಿನಗಳಲ್ಲಿ ಅವನ ಷೆಡ್ಡಿನಲ್ಲೇ ಬೀಡುಬಿಟ್ಟಳು. ಒಂದು ರಬ್ಬರಿನ ಹಾಸು, ಅದರೊಳಗೆ ಒತ್ತಿದ್ದನ್ನು ತಿಳಿಯುವ ಸೆನ್ಸರ್. ಹಿಮ್ಮಡಿ ಬಿದ್ದರೆ ಸ್ಟೂಲಿನ ಮೇಲೆ ನಿಲ್ಲಿಸಿದ ತುಂತುಣಿಯ ತಂತಿಯನ್ನು ಪುಟ್ಟ ಮೋಟಾರೊಂದು ಮೀಟಬೇಕು. ಕಟ್ಟಿದ್ದಾಯಿತು, ದೊಡ್ಡವ್ವನನ್ನು ಕರೆದು ಕೂರಿಸಿದ್ದೂ ಆಯಿತು. ಫಕೀರಮ್ಮ ಹಿಮ್ಮಡಿ ಊರಿದಳು. ಮೋಟಾರು ಒಂದಿಷ್ಟು ವಿಚಾರ ಮಾಡಿ, ಆಮೇಲೆ 'ತುಣ್' ಎಂದಿತು.

"ಇದೇನ್ಲೇ ಸುಮಿ, ಉಣ್ಣಾಕ ಕರದ್ರ ಇನ್ನೊಮ್ಮೆ ಕರೀಲಿ ಅಂತ ಕುಂದ್ರೋ ಅಳಿಯ ಇದ್ದಂಗ ಐತಿ ಇದು!"

ಇಲಿಯಾಸ ನಕ್ಕೂ ನಕ್ಕೂ ಕೆಮ್ಮಿದ. ಆಮೇಲೆ ತಲೆ ಕೆರೆದುಕೊಂಡು, "ಅಕ್ಕಾ, ಒತ್ತಿದ ಕೂಡ್ಲೆ ಬಾರಸೋದು ಅಂದ್ರ ಮನಿ ಬಾಗಲದ ಬೆಲ್ಲು. ಅದರಾಗ ಮೋಟಾರ ಎಲ್ಲಿ ಐತಿ? ಒಂದು ಸುರುಳಿ, ಒಂದು ಕಡ್ಡಿ," ಎಂದ. ಸುಮಂಗಲಾ ಅವನ ಬೆನ್ನಿಗೊಂದು ಗುದ್ದಿದಳು. ಅವತ್ತು ಸಂಜೆಯೊಳಗೆ ಹಳೆಯ ಡಿಂಗ್‌ಡಾಂಗ್ ಬೆಲ್ಲೊಂದು ಹೊಟ್ಟೆ ಬಿಚ್ಚಿಸಿಕೊಂಡಿತು, ಅದರ ಕಡ್ಡಿಯ ತುದಿಗೆ ಎಮ್ಮೆ ಕೋಡಿನ ಚೂರು ಅಂಟಿತು. ಹಿಮ್ಮಡಿ ಬಿದ್ದದ್ದೇ ತಡ, ತುಣ್! ಎರಡು ಬಿದ್ದರೆ ಎರಡು, ಸುಮ್ಮನೆ ಒರೆಸಿದರೆ ಸಣ್ಣಗೆ. ಫಕೀರಮ್ಮ ತಂತಿಯನ್ನು ನೋಡಿದಳು, ತನ್ನ ಪಾದವನ್ನು ನೋಡಿಕೊಂಡಳು, ಮತ್ತೆ ಮತ್ತೆ ಬಡಿದಳು. ಅವಳ ಕಣ್ಣು ತುಂಬಿದ್ದು ಸುಮಂಗಲಾಗೆ ಕಂಡಿತು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೈ ಕೂಡಿಬಂದಾಗ ಸುಮ್ಮನಿರುವ ಜಾತಿ ಅಲ್ಲ ನಮ್ಮ ಸುಮಂಗಲಾ. ಎಲ್ಲೆಲ್ಲಿಯವರೋ ಇಬ್ಬರು ಮೂವರು ಸೇರಿ ಒಂದೇ ವಾದ್ಯ ನುಡಿಸುವ ವಿಡಿಯೋಗಳನ್ನು ನೋಡಿ ಅವಳಿಗೆ ಆಸೆ ಹುಟ್ಟಿತು. ಕರಿಬಸಪ್ಪನ ತುಂತುಣಿಯ ಚರ್ಮಕ್ಕೂ ಅಂಟಿಸಲು ಅಂಗಿಯ ಗುಂಡಿಯಷ್ಟು ಸೆನ್ಸರ್ ಮಾಡಿ, ಹಾಸನ್ನೂ ಅದನ್ನೂ ಒಂದು ಡಬ್ಬಿಗೆ ಜೋಡಿಸಿದಳು. ಇಬ್ಬರ ಪೆಟ್ಟೂ ಒಟ್ಟಿಗೆ ಬಿದ್ದರೆ ಆ ಡಬ್ಬಿ ದನಿಯನ್ನು ಹಿಗ್ಗಿಸುತ್ತದೆ, ಒಂದು ಓಣಿ ತುಂಬ ತುಂತುಣಿ ನುಡಿದಂತೆ ಮಾಡುತ್ತದೆ. ಪೆಟ್ಟು ಬೇರೆ ಬೇರೆಯಾದರೆ ದನಿಯನ್ನು ಕುಗ್ಗಿಸುತ್ತದೆ. ಕೂಡಿ ನುಡಿಸುವುದೆಂದರೆ ಜೊತೆಜೊತೆಗೆ ನುಡಿಸುವುದಲ್ಲವೇ, ಎಂದು ಅವಳ ಲೆಕ್ಕಾಚಾರ.

ಪರೀಕ್ಷೆಗೆಂದು ಕರಿಬಸಪ್ಪನಿಗೆ ಫೋನು ಹೋಯಿತು. ಅವನು ಮರುದಿನದ ಮೊದಲ ಬಸ್ಸಿಗೇ ಗಂಗಾವತಿಯಲ್ಲಿ ಇಳಿದ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ.

"ಅರಾಮ ಅದೀರೇನ್ರೀ ಯವ್ವಾ?"

"ಅದೀನ್ರೀ ಅಣ್ಣಾರ. ಕುಂದರ್ರಿ."

ಕುಂತರು. ಹಾಡು ಶುರುವಾಯಿತು. ಒಂದು ಗಳಿಗೆ ಇಬ್ಬರ ಪೆಟ್ಟೂ ಕೂಡಿ ಸ್ಪೀಕರಿನಿಂದ ದನಿ ಭೋರೆಂದು ಎದ್ದಿತು, ಇಲಿಯಾಸ ಕುಣಿದೇಬಿಟ್ಟ. ಆದರೆ ಕರಿಬಸಪ್ಪನ ಮುಖ ಬಿಗಿಯಿತು. ತಾನು ನಾಗೇಶಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದೇನೆ! ಗೀಗೀ ಕಣದಲ್ಲಿ ಎದುರಾಳಿಯ ಲಯಕ್ಕೆ ಲಯ ಕೂಡಿಸಿದರೆ ಅವರ ಮಾತಿಗೆ ಹೂಂಗುಟ್ಟಿದ ಹಾಗೆ. ಅವನು ತಟ್ಟನೆ ಲಯ ಮುರಿದ, ದನಿ ಕುಸಿಯಿತು. ಸುಮಂಗಲಾ ಕೈ ಮುಗಿದು ಸನ್ನೆ ಮಾಡಿದ್ದಕ್ಕೆ ಅವನು ಮತ್ತೆ ಕೂಡಿಸಿದ, ಆಗ ಫಕೀರಮ್ಮ ಬಿಟ್ಟುಬಿಟ್ಟಳು. ಕೂಡುವುದು ಮುರಿಯುವುದು, ಮುರಿಯುವುದು ಕೂಡುವುದು. ಕೊನೆಗೆ ಫಕೀರಮ್ಮ ತಿಂಗಳುಗಟ್ಟಲೆ ಎದೆಯಲ್ಲಿಟ್ಟುಕೊಂಡಿದ್ದ ಒಳ್ಳೆಯ ಸವಾಲೊಂದನ್ನು ಎತ್ತಿದಳು ನೋಡಿ, ಸರಿಯಾಗಿ ಅದೇ ಹೊತ್ತಿಗೆ ತುಂತುಣಿ ಪೂರ್ತಿ ಬಾಯಿ ಮುಚ್ಚಿಕೊಂಡಿತು.

"ನಿನ್ನ ಡಬ್ಬಿ ಹರದೇಶಿ ಕಡೀದು ಐತಿ!" ಎಂದು ಫಕೀರಮ್ಮ ಸುಮಂಗಲಾಳ ಮೇಲೆ ಸಿಡಿದಳು.

"ನನ್ನ ಕಡೀದಾಗಿದ್ರ ನಂದ್ಯಾಕ ದನಿ ಕಟ್ಟತಿತ್ತು? ನಿನ್ನ ಮಗಳು ಮಾಡಿದ್ದು, ನಿನ್ನ ಕಡೀದ ಅದು!" ಎಂದು ಕರಿಬಸಪ್ಪ ಎದ್ದ.

ಇಬ್ಬರೂ ಷೆಡ್ಡಿನ ತಗಡು ಹಾರುವ ಹಾಗೆ ಕೂಗಾಡಿದರು. ಆಮೇಲೆ ಫಕೀರಮ್ಮ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಸೆರಗಿನೊಳಗೆ ಸೇರಿಸಿದಳು.

"ಸಾಕು ಸುಮಿ. ನನ್ನ ಹಾಡಿಂದು ಮುಗೀತು. ಇನ್ನ ಕರೀಬ್ಯಾಡ," ಎಂದಳು.

ಸುಮಂಗಲಾ ಆ ವಾರವೆಲ್ಲ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗದೆ ತನ್ನ ಮೇಲೆಯೇ ಮಾಡಿಕೊಂಡಳು. ಕಚೇರಿಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೂ ತುತ್ತು ಇಳಿಯುತ್ತಿರಲಿಲ್ಲ. ಹಾಗೇ ಒಮ್ಮೆ ಮೊಬೈಲಿನಲ್ಲಿ, ಸೆನ್ಸರುಗಳು ಬರೆದಿಟ್ಟಿದ್ದ ಅವತ್ತಿನ ಪೆಟ್ಟುಗಳ ಗೆರೆಗಳನ್ನು ತೆರೆದು ಕೂತಳು. ದೊಡ್ಡವ್ವನ ಪೆಟ್ಟು ಕೆಂಪು ಗೆರೆ, ಕರಿಬಸಪ್ಪನದು ನೀಲಿ. ಕಲಸುಮೇಲೋಗರವೇ ಇರುತ್ತದೆ ಎಂದುಕೊಂಡಿದ್ದಳು. ಇರಲಿಲ್ಲ! ಅವರು ಜಗಳಕ್ಕಿಳಿದ ಕಡೆಯಲ್ಲೆಲ್ಲ ಒಂದು ನೀಲಿ, ಒಂದು ಕೆಂಪು, ಒಂದು ನೀಲಿ, ಒಂದು ಕೆಂಪು. ಒಬ್ಬರು ಬಿಟ್ಟ ಸಂದಿಯಲ್ಲೇ ಇನ್ನೊಬ್ಬರ ಪೆಟ್ಟು. ಒಬ್ಬರು ಓಡಿದರೆ ಇನ್ನೊಬ್ಬರೂ ಓಡಿದ್ದಾರೆ, ಆದರೂ ಒಂದರ ಮೇಲೊಂದು ಬಿದ್ದದ್ದೇ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಜಗಳಾಡಬೇಕೆಂದರೆ ಒಬ್ಬರನ್ನೊಬ್ಬರು ಎಷ್ಟು ಕಿವಿಗೊಟ್ಟು ಕೇಳುತ್ತಿರಬೇಕು!

"ಅಯ್ಯೋ ನನ್ನ ತಲಿಗಿಷ್ಟು!" ಎಂದು ಅವಳು ಎಲ್ಲರಿಗೂ ಕೇಳುವಂತೆ ಕೂಗಿ, ಎಡಗೈಯಲ್ಲಿ ಮೊಬೈಲು ಹಿಡಿದುಕೊಂಡೇ ಡಬ್ಬಿಯ ಅನ್ನವನ್ನೆಲ್ಲ ಗಬಗಬ ತಿಂದಳು.

ಅವತ್ತೇ ಲೆಕ್ಕವನ್ನು ತಲೆಕೆಳಗು ಮಾಡಿದಳು. ಈಗ ಒಬ್ಬರ ಪೆಟ್ಟಿನ ಮೇಲೆ ಇನ್ನೊಬ್ಬರ ಪೆಟ್ಟು ಬಿದ್ದರೆ ದನಿ ಕುಗ್ಗಬೇಕು, ಸಂದಿಯಲ್ಲಿ ಬಿದ್ದರೆ ಅರಳಬೇಕು. ಒಬ್ಬರೇ ನುಡಿಸಿದರೆ ಬರೀ ಬಡ ತುಂತುಣಿ. ಮಂದಿಯ ಕಡೆಗೂ ಒಂದು ಮೈಕು ತಿರುಗಿಸಿದಳು. ಅವರು ಜೋರಾಗಿ 'ಗೀಯ ಗಾ' ಎಳೆದಷ್ಟೂ ತಂತಿಯ ಗುಂಗು ಉದ್ದವಾಗಬೇಕು. ಇಲಿಯಾಸನಿಗೆ ಹೇಳಿದರೆ, "ಅಂದ್ರ ಇದು ಬಡದಾಡೋ ಮಿಷನ್ನು ಅನ್ನು," ಎಂದು ಖುಷಿಯಾದ.

ಯಂತ್ರವನ್ನೇನೋ ತಿರುಗಿಸಬಹುದು, ದೊಡ್ಡವ್ವನ ಹಟವನ್ನು ತಿರುಗಿಸುವುದು ಹೇಗೆ? ಸುಮಂಗಲಾ ಹುಲಿಹೈದರಕ್ಕೆ ಹೋಗಿ, ಚಹಾ ಕುಡಿದು, ಅಕ್ಕಿಯಲ್ಲಿ ಎರಡು ಹರಳು ಆರಿಸಿ, ಏನೂ ಗೊತ್ತಿಲ್ಲದವಳ ಹಾಗೆ ಅಂದಳು:

"ಕರಿಬಸಪ್ಪ ಕಾಕಾ ಯಲಬುರ್ಗಾದಾಗ ಹೇಳಿಕೋಂತ ತಿರಗ್ಯಾಡಾಕತ್ಯಾನಂತ, ದೊಡ್ಡವ್ವ. ನಾಗೇಶಿ ಅಂಜಿ ಮನಿ ಸೇರ್ಯಾಳ ಅಂತ."

ಮೊರ ನಿಂತಿತು. "ಅವನ ನಾಲಿಗಿ ಸೇದಿಹೋಗಲಿ! ಎಲ್ಲಿ ಐತಿ, ಯಾವತ್ತ ಐತಿ ಹಾಡು?"

ಹಸಿ ಸುಳ್ಳು ಹೇಳಿದ್ದಕ್ಕೆ ಸುಮಂಗಲಾಗೆ ಒಂದು ಚೂರೂ ಕೆಡುಕೆನಿಸಲಿಲ್ಲ.

ಗಂಗಾವತಿ ಹತ್ತಿರದ ಮರಳಿ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ವಾರ್ಷಿಕೋತ್ಸವ ಇತ್ತು. ಭತ್ತ ಕೊಯ್ದು ಮುಗಿದಿತ್ತು, ಅಕ್ಕಿ ಗಿರಣಿಯ ಅಂಗಳ ಗುಡಿಸಿ ಶಾಮಿಯಾನ ಹಾಕಿದ್ದರು. ಭಾನುವಾರದ ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕಾರು ಊರಿನ ಮಂದಿ ನೆರೆದಿತ್ತು. ಫಕೀರಮ್ಮ ಹಸಿರು ಇಳಕಲ್ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟು, ಹಾಸಿನ ಮೇಲೆ ಹಿಮ್ಮಡಿ ಇಟ್ಟು ಕುರ್ಚಿಯಲ್ಲಿ ಕೂತಳು. ಬಲಗೈ ಸೆರಗಿನೊಳಗಿತ್ತು. ಎದುರಿಗೆ ಕರಿಬಸಪ್ಪ ತುಂತುಣಿ ಹಿಡಿದು ನಿಂತ. ಸುಮಂಗಲಾ ಇಲಿಯಾಸನ ಪಕ್ಕ, ಡಬ್ಬಿಯ ಮುಂದೆ, ಉಗುರು ಕಚ್ಚುತ್ತ ಕೂತಳು. ಇವತ್ತೂ ಕೆಟ್ಟರೆ ದೊಡ್ಡವ್ವ ಮತ್ತೆಂದೂ ಬಾಯಿ ತೆರೆಯುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು.

ಫಕೀರಮ್ಮ ಎತ್ತಿದಳು. ಅಬ್ಬಬ್ಬಾ, ಅದೇನು ಕಂಠ! ಅಷ್ಟು ದಿನ ಕಟ್ಟಿಹಾಕಿದ್ದ ಕರುವನ್ನು ಬಿಟ್ಟಂತೆ ಹಾಡು ಅಂಗಳದ ತುಂಬ ಓಡಾಡಿತು. ಹಿಮ್ಮಡಿ ಬಿದ್ದ ಹಾಗೆಲ್ಲ ತಂತಿ ನುಡಿಯಿತು, ಹೆಂಗಸರು 'ಗೀಯ ಗಾ' ಎಂದು ಎಳೆದರೆ ಗುಂಗು ಗಿರಣಿಯ ಗೋಡೆಗೆ ತಾಗಿ ಬಂದಿತು. ಮಂದಿ ಸಿಳ್ಳೆ ಹೊಡೆದರು. ಸುಮಂಗಲಾ ಉಗುರು ಬಿಟ್ಟಳು.

ಆಮೇಲೆ ಕರಿಬಸಪ್ಪನ ಸರದಿ, ಆದರೂ ಫಕೀರಮ್ಮನ ಹಿಮ್ಮಡಿ ನಿಲ್ಲಲಿಲ್ಲ. ಅವನು ಮೆಲ್ಲಗೆ ಮೀಟುತ್ತ, ಮೆಲ್ಲಗೆ ಹಾಡಿ, ಸವಾಲು ಹಾಕಿದ:

"ಇದ್ದಾಗ ಹುಲ್ಲು ಮೇದಾಕಿ, ಸತ್ತ ಮ್ಯಾಲ ಹಾಡು ಹೇಳಾಕಿ, ಯಾರವ್ವ ಆಕಿ, ಹೇಳು ನಾಗೇಶಿ?"

ಮುಂದೆ ಕೂತ ಪುಟ್ಟ ಹುಡುಗಿಯೊಬ್ಬಳು "ಆಡು! ಆಡಿನ ಚರ್ಮ!" ಎಂದು ಅಲ್ಲಿಂದಲೇ ಕೂಗಿಬಿಟ್ಟಳು. ಸ್ಪೀಕರಿನ ದನಿಯೂ ಸಣ್ಣಗಾಗುತ್ತ ಬಂತು. ಸುಮಂಗಲಾ ವೈರು ಕಿತ್ತಿತೇ ಎಂದು ತಡಕಾಡಿದಳು, ಎಲ್ಲ ಸರಿಯಾಗಿತ್ತು. ಮೊಬೈಲು ನೋಡಿದರೆ ನೀಲಿ ಗೆರೆ ಕೆಂಪು ಗೆರೆಯ ಮೇಲೆಯೇ ಬೀಳುತ್ತಿದೆ. ಫಕೀರಮ್ಮ ಹಿಮ್ಮಡಿ ಎಲ್ಲಿ ಊರುತ್ತಾಳೋ ಅಲ್ಲೇ ಕರಿಬಸಪ್ಪನ ಬೆರಳು. ಮುದುಕ ಅವಳ ಹಿಂದೆ ಹಿಂದೆ ನಡೆಯುತ್ತಿದ್ದ, ಮುಗ್ಗರಿಸಿದರೆ ಹಿಡಿದುಕೊಳ್ಳಲು ಕೈ ಚಾಚಿದವನ ಹಾಗೆ. ಅವನು ಹಾಡುತ್ತಿರಲಿಲ್ಲ, ಆರೈಕೆ ಮಾಡುತ್ತಿದ್ದ.

ಫಕೀರಮ್ಮ ಹಿಮ್ಮಡಿ ನಿಲ್ಲಿಸಿದಳು.

"ಏ ಕರಿಬಸ್ಯಾ! ಏನ್ ನನಗ ಗಂಜಿ ಕುಡಸಾಕ ಬಂದೀಯೇನು? ಕೂಸಿಗೆ ಹಾಕೋ ಸವಾಲ ನನಗ ಹಾಕತೀ? ದನಿ ನೋಡು, ನಿನ್ನ ಗಂಡಸ್ತನ ಸ್ಪೀಕರದಾಗ ಹೆಂಗ ನರಳಾಕತ್ತೈತಿ! ನನ್ನ ಕೈ ಹೋಗೈತಿ, ತಲಿ ಹೋಗಿಲ್ಲ. ಹಾಡೋದಿದ್ರ ಹಾಡು, ಇಲ್ಲಾಂದ್ರ ಎಳನೀರು ತಗೊಂಡು ಮನಿಗೆ ಬಾ, ಮಾತಾಡಿಸಿ ಹೋಗು!"

ಮಂದಿ ಹೋ ಎಂದಿತು. ಕರಿಬಸಪ್ಪನ ಕಿವಿ ಕೆಂಪಾದವು. ತಲೆ ತಗ್ಗಿಸಿ ರುಮಾಲು ಬಿಚ್ಚಿ ಮತ್ತೆ ಬಿಗಿದು ಸುತ್ತಿದ. ಅವನು ತಲೆ ಎತ್ತಿದಾಗ ಕಣ್ಣು ಹೊಳೆಯುತ್ತಿದ್ದವು.

"ಹಂಗೇನು? ತಡಕೋ ಹಂಗಾರ, ನಾಗೇಶಿ!"

ಈಗ ಬಿತ್ತು ನೋಡಿ ಬೆರಳು! ಕೆಂಪಿನ ಸಂದಿಗೆ ನೀಲಿ, ನೀಲಿಯ ಸಂದಿಗೆ ಕೆಂಪು. ಅವಳು ಓಡಿದರೆ ಇವನು ಅಡ್ಡ ಬಂದ, ಇವನು ನಿಂತರೆ ಅವಳು ಹಾರಿದಳು. ದನಿ ಅರಳಿ ಅರಳಿ ಒಂದು ಓಣಿಯದಲ್ಲ, ಹತ್ತು ಊರಿನ ತುಂತುಣಿಗಳು ಒಟ್ಟಿಗೆ ಎದ್ದಂತಾಯಿತು. ಸಂಘದ ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದು 'ಗೀಯ ಗಾ' ಎಳೆದರು. ಗಿರಣಿಯ ಹಮಾಲರು ಚೀಲದ ಮೇಲೆ ತಾಳ ಹಾಕಿದರು. ಇಲಿಯಾಸ ಹೆಡ್‌ಫೋನು ಕಿತ್ತೊಗೆದ. ಸುಮಂಗಲಾ ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು. ಕೊನೆಗೆ ಕರಿಬಸಪ್ಪ ತುಂತುಣಿಯನ್ನು ತಲೆಯ ಮೇಲೆತ್ತಿ ಹಾಡಿದ:

"ನಿನ್ನ ಹಿಮ್ಮಡಿ, ನನ್ನ ಬೆರಳ, ನಡುವ ಎದ್ದಿತು ಈ ದನಿ. ಗಂಡಿನ ದನಿಯೋ, ಹೆಣ್ಣಿನ ದನಿಯೋ? ಬಿಡಿಸಿ ಹೇಳು ನಾಗೇಶಿ!"

"ಹೆಣ್ಣಿಂದು! ಅದರಾಗೇನು ಕೇಳತೀ?" ಎಂದು ಫಕೀರಮ್ಮ ತಡಮಾಡದೆ ಎತ್ತಿಕೊಂಡಳು. ಕರಿಬಸಪ್ಪ ನಗುತ್ತ ತಂತಿಯಿಂದ ಬೆರಳು ತೆಗೆದ. ಅಷ್ಟು ದೊಡ್ಡ ದನಿ ತಟ್ಟನೆ ಮುದುಡಿ, ಅವಳ ಹಿಮ್ಮಡಿಯ ಬಡ 'ತುಣ್ ತುಣ್' ಒಂದೇ ಉಳಿಯಿತು. ಮಂದಿ ನಕ್ಕಿತು. ಗಂಡಿನದು ಎನ್ನಲು ನಾಗೇಶಿಗೆ ಬಾಯಿ ಬರುವುದುಂಟೇ? ಇಬ್ಬರದೂ ಎಂದರೆ ಹೆಣ್ಣೇ ಹೆಚ್ಚು ಎಂಬ ಪಕ್ಷವೇ ಹೋಯಿತು. ಅವಳು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಹಿಂದಿನವರು ಅವಳಿಗಾಗಿ 'ಗೀಯ ಗಾ' ಎಂದು ಎಳೆದೂ ಎಳೆದೂ ಉಸಿರು ಕಟ್ಟಿದರು.

ಉತ್ತರ ಹೊಳೆಯದವರು ಬಾಯಿ ಬಿಟ್ಟು ಸೋತೆ ಎನ್ನಬೇಕು, ಕಣದ ನಿಯಮ ಅದು. ಫಕೀರಮ್ಮ ಯಾವ ಊರಲ್ಲೂ ಆ ಮಾತು ಆಡಿದವಳಲ್ಲ. ಸುಮಂಗಲಾ ಮತ್ತೆ ಉಗುರು ಕಚ್ಚಿದಳು.

"ಸೋತೆ!" ಎಂದಳು ಫಕೀರಮ್ಮ, ಕತ್ತು ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವಂತೆ ನಗುತ್ತ. "ಲೇ ಕರಿಬಸ್ಯಾ, ಸೋತೆನಲೇ! ಬರೋ ಅಮಾಸಿಗೆ ನಿನ್ನ ಯಲಬುರ್ಗಾಕ್ಕ ಬರ್ತೀನಿ. ಉತ್ತರ ತಂದು ನಿನ್ನ ಮಾರಿಗೆ ಹೊಡೀತೀನಿ, ನೆಪ್ಪಿಟ್ಟಿರು!"

ಕಣದಿಂದ ಇಳಿದ ಮೇಲೆ ಕರಿಬಸಪ್ಪ ಕೈಮುಗಿದು, "ತಪ್ಪಾತ್ರೀ ಯವ್ವಾ, ಮೊದಲಿಗೆ," ಎಂದ. "ಚಾ ತಗೋರಿ ಅಣ್ಣಾರ," ಎಂದಳು ಅವಳು.

ಮರಳಿಯಿಂದ ಟಂಟಂ ಆಟೋ ಹೊರಟಿತು. ಗದ್ದೆಗಳ ಮೇಲೆ ಇನ್ನೂ ಬೆಳಕಿತ್ತು. ದೊಡ್ಡವ್ವ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತ ಕೂತಿದ್ದಳು. ಸುಮಂಗಲಾ ಕೇಳಿದಳು:

"ದೊಡ್ಡವ್ವ, ಸೋತಿದ್ದಕ್ಕ ಬ್ಯಾಸರ ಇಲ್ಲೇನು ನಿನಗ?"

ಫಕೀರಮ್ಮ ಒಂದೇ ಕಣ್ಣು ತೆರೆದಳು.

"ಈ ಕೈ ಬಿದ್ದಾಗಿಂದ ಊರ ಮಂದಿಯೆಲ್ಲಾ ನನ್ನ ಮುಂದ ಸೋತು ಸೋತು ಇಟ್ಟಾರವ್ವ. ನಾ ಏನಂದ್ರೂ ಹೂಂ, ಏನಂದ್ರೂ ಆತಾತು. ನೀನೂ ಸೈತ. ಇವತ್ತ ಒಬ್ಬಾವರ ನನ್ನ ಸೋಲಿಸಿದ್ನಲ್ಲ," ಎಂದಳು. "ಈಗ ಸುಮ್ಮನ ಕುಂದ್ರು, ಉತ್ತರ ಹುಡುಕಾಕತ್ತೀನಿ."